ಫುಟ್‌ಬೋರ್ಡಿನಿಂದ ಇಳಿಯದ ಕಂಡಕ್ಟರು

ಅವರು ಒಂದು ಕಡೆ ಕೂತಿದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ಹಾಡಹಗಲು ಸೊಳ್ಳೆ ಪರದೆಯೊಳಗೆ. ಉಳಿದಂತೆ ನನ್ನ ನೆನಪಿನಲ್ಲಿ ಅವರು ನಿಂತೇ ಇದ್ದಾರೆ. ಬಸ್ಸಿನ ಹಿಂಬಾಗಿಲ ಫುಟ್‌ಬೋರ್ಡಿನ ಮೇಲೆ, ಒಂದು ಕೈ ಕಂಬಿಗೆ, ಇನ್ನೊಂದು ಕೈ ಚರ್ಮದ ಚೀಲಕ್ಕೆ, ಕಿವಿಯ ಮೇಲೆ ಪೆನ್ನು, ಬಾಯಲ್ಲಿ ಸೀಟಿ. ಮನೆಯಲ್ಲಿ ಊಟವನ್ನೂ ನಿಂತುಕೊಂಡೇ ಮಾಡುತ್ತಿದ್ದರೆಂದು ಅವರ ಹೆಂಡತಿ ದೂರುತ್ತಿದ್ದರು. "ತಟ್ಟೆ ಇಟ್ರೆ ಒಂದ್ ತುತ್ತು ತಿಂದು ಬಾಗ್ಲಿಗೋಗಿ ರೋಡ್ ನೋಡ್ಕೊಂಡು ಬತ್ತಾರೆ ಕಣಣ್ಣ. ಇವರ್ನ ಬಿಟ್ಟು ಯಾವ ಬಸ್ಸು ಒಂಟೋಯ್ತದೋ ಕಾಣೆ!"

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕವಲಂದೆಯಲ್ಲಿ ವ್ಯಾಪಾರ ಮುಗಿಸಿ ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಬಹಳ ತಡ. ಪಕ್ಕದಲ್ಲಿದ್ದವರು ಬಸ್ಸಿನವನನ್ನೂ ಅವನ ಮನೆಯವರನ್ನೂ ಸೇರಿಸಿ ಬೈಯುತ್ತಿದ್ದರು. ನಾನೂ ಬೈಯಬೇಕಾದವನೇ. ತಡವನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಆದರೆ ಅವತ್ತು ಬೈಯಲು ಬಾಯಿ ಬರಲಿಲ್ಲ. ಆ ಮನುಷ್ಯ ಜೀವಮಾನವಿಡೀ ತಡದ ಮೇಲೆ ಯುದ್ಧ ಮಾಡಿದವರು. ಒಂದೇ ಒಂದು ಸಲ ತಡಕ್ಕಾಗಿಯೇ ಯುದ್ಧ ಮಾಡಿದರು. ಅದನ್ನು ಹತ್ತಿರದಿಂದ ನೋಡಿದವನು ನಾನು.

ನನ್ನ ಕಸುಬು ಡ್ರಮ್ಮಿನ ವ್ಯಾಪಾರ. ಕಾರ್ಖಾನೆಗಳಲ್ಲಿ ಖಾಲಿಯಾದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ತಂದು, ತೊಳೆದು, ಒಣಗಿಸಿ, ಊರೂರಿಗೆ ಮಾರುವುದು. ಸೈಕಲ್ಲಿನ ಕ್ಯಾರಿಯರಿಗೆ ಒಂದು ಡ್ರಮ್ಮು ಕಟ್ಟಿಕೊಂಡು ಶುರು ಮಾಡಿದವನು, ಯಾರ ಕೈಯೂ ಹಿಡಿಯದೆ ಇಲ್ಲಿಗೆ ಬಂದಿದ್ದೇನೆ. ಹಾಗಾಗಿ ನಡುನಡುವೆ ಬುದ್ಧಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಮೊದಲನೆಯದು ಈಗಲೇ ಹೇಳಿಬಿಡುತ್ತೇನೆ: ಹಳೇ ಡ್ರಮ್ಮು ಕೊಳ್ಳುವಾಗ ಮೂಗನ್ನು ಒಳಗಿಟ್ಟು ನೋಡಿ. ಬೆಲ್ಲದ ಪಾಕದ ವಾಸನೆ, ಹಣ್ಣಿನ ವಾಸನೆ ಬಂದರೆ ತೆಗೆದುಕೊಳ್ಳಿ. ಔಷಧಿ ವಾಸನೆ ಬಂದರೆ ಬಿಟ್ಟಿ ಕೊಟ್ಟರೂ ಮುಟ್ಟಬೇಡಿ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದುದರಿಂದ ಡ್ರಮ್ಮಿಗೆ ಒಳ್ಳೇ ಗಿರಾಕಿ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗಿ, ಅಲ್ಲಿಂದ ಮೂಗೂರಿಗೆ ಮುಂದುವರಿಯುತ್ತಿದ್ದ ಒಂದು ಪ್ರೈವೇಟ್ ಬಸ್ಸಿನ ಟಾಪೇ ನನ್ನ ಲಾರಿ. ಆ ಬಸ್ಸಿನ ಕಂಡಕ್ಟರೇ ಇವರು. ನಮ್ಮ ಬೀದಿಯವರೇ ಆದರೂ ಲಗೇಜಿನ ವಿಷಯದಲ್ಲಿ ಬೀದಿ, ನೆಂಟಸ್ತಿಕೆ ಯಾವುದೂ ನಡೆಯುತ್ತಿರಲಿಲ್ಲ.

"ಏನ್ ಡ್ರಮ್ ಸಾವ್ಕಾರ್ರೇ, ಟಾಪ್ ಮೇಲೆ ಊರೇ ಕಟ್ತಾ ಇದ್ದೀರಲ್ಲ?"

"ಖಾಲಿ ಡ್ರಮ್ಮು ಕಣಣ್ಣ. ಒಳಗಿರೋದು ಗಾಳಿ. ಗಾಳಿಗೂ ಲಗೇಜಾ?"

"ಬಸ್ಸಿನ್ ಟೈರೊಳಗೂ ಗಾಳೀನೇ ಇರೋದು. ಅದನ್ನ ಬಿಟ್ಟಿ ತುಂಬ್ತಾರಾ?"

ಉತ್ತರವಿಲ್ಲದಾಗ ಚೌಕಾಸಿ ಮಾಡುವವನು ಸೋಲಬಾರದು, ಮಾತಿನ ದಿಕ್ಕು ಬದಲಿಸಬೇಕು. ಸಂತೆಗೆ ಹೋಗುವ ಹೆಂಗಸರ ಸೊಪ್ಪಿನ ಗಂಟು, ಬದನೆಕಾಯಿ ಚೀಲ ಯಾವಾಗಲೂ ಕಂಡಕ್ಟರ ಕಾಲಿಗೆ ಅಡ್ಡ ಬರುತ್ತಿದ್ದವು. ಅವನ್ನೆಲ್ಲ ನನ್ನ ಡ್ರಮ್ಮಿನೊಳಗೆ ಇಡಿ, ನನ್ನ ಲಗೇಜು ಅರ್ಧಕ್ಕಿಳಿಸಿ ಎಂದೆ. ಅವರು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿ, "ನೀವು ಬದುಕ್ಕೋತೀರಿ ಬಿಡಿ," ಎಂದು ಸೀಟಿ ಊದಿದರು. ಅಲ್ಲಿಂದ ನಮ್ಮ ಸ್ನೇಹ.

ಪ್ರೈವೇಟ್ ಬಸ್ಸಿನವರಿಗೆ ಸಮಯವೆಂದರೆ ಏನೆಂದು ಈಗಿನವರಿಗೆ ಗೊತ್ತಿಲ್ಲ. ನಮ್ಮ ಬಸ್ಸು ಸ್ವಲ್ಪ ತಡವಾದರೆ ಹಿಂದಿನ ಬಸ್ಸು ಬಂದು ಮುಂದಿನ ಸ್ಟಾಪಿನ ಜನವನ್ನೆಲ್ಲ ತುಂಬಿಕೊಂಡು ಹೋಗುತ್ತಿತ್ತು. ಅದಕ್ಕೇ ಇವರಿಗೆ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಮುದುಕಿಯರನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಹತ್ತಿಸುತ್ತಿದ್ದರು, ಮಾತಾಡುತ್ತ ನಿಂತವರನ್ನು ಬೆನ್ನು ತಟ್ಟಿ ತಳ್ಳುತ್ತಿದ್ದರು. "ಲೇಟು ಅನ್ನೋದು ಅಂಟುಜಾಡ್ಯ ಕಣ್ರೀ. ಒಂದ್ ಸ್ಟಾಪಲ್ಲಿ ಅಂಟ್ಕತು ಅಂದ್ರೆ ಕೊನೇ ಸ್ಟಾಪ್‌ಗಂಟ ಬುಡಲ್ಲ," ಎನ್ನುತ್ತಿದ್ದರು. ಎದುರಾಳಿ ಬಸ್ಸಿನ ಕಂಡಕ್ಟರಿನೊಂದಿಗೆ ನರಸೀಪುರದ ಸ್ಟ್ಯಾಂಡಿನಲ್ಲಿ ಅಂಗಿ ಹರಿಯುವಷ್ಟು ಜಗಳವಾಡಿ, ಹರಿದ ಅಂಗಿಯಲ್ಲೇ ಮುಂದಿನ ಟ್ರಿಪ್ಪಿಗೆ ಸೀಟಿ ಊದಿದ್ದನ್ನು ಕಂಡಿದ್ದೇನೆ.

ಅವರ ಇನ್ನೊಂದು ನೇಮ, ಪ್ಯಾಸೆಂಜರನ್ನು ಬಿಟ್ಟು ಹೋಗಬಾರದು ಎನ್ನುವುದು. ಒಮ್ಮೆ ನಾಲೆಗೆ ಕಲ್ಲು ಕಟ್ಟುವ ಕೆಲಸಕ್ಕೆ ದೂರದಿಂದ ಜನ ಬಂದಿದ್ದರು. ದಾರಿಯಲ್ಲಿ ಒಂದು ಗುಂಪು ಕೈ ಅಡ್ಡ ಹಾಕಿತು. ಅವರಲ್ಲೊಬ್ಬ ಸುಡುವ ಬಿಸಿಲಿನಲ್ಲಿ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಚಳಿಜ್ವರ. ಬಸ್ಸಿನೊಳಗೆ ಗದ್ದಲವೆದ್ದಿತು. ಜರಿ ಪಂಚೆಯ ಯಜಮಾನರೊಬ್ಬರು ಎದ್ದು ನಿಂತು, "ಇಳ್ಸಯ್ಯ ಅವ್ನ! ಎಲ್ಲಿಂದಲೋ ತಂದು ನಮಗೆಲ್ಲ ಅಂಟಿಸ್ತಾನೆ," ಎಂದರು.

"ಟಿಕೆಟ್ ತಗೊಂಡವ್ನೆ ಯಜಮಾನ್ರೇ."

"ಹಂಗಾದ್ರೆ ನಾವು ಏನ್ಮಾಡಾನ?"

"ನೀವು ಇಳ್ಕೊಳಿ. ಹಿಂದ್ಗಡೆ ಇನ್ನೊಂದ್ ಬಸ್ಸು ಬತ್ತದೆ."

ನಾನು ಬೆಚ್ಚಿಬಿದ್ದೆ. ತಮ್ಮ ಬಾಯಿಂದಲೇ ಪ್ಯಾಸೆಂಜರನ್ನು ಆ ಎದುರಾಳಿ ಬಸ್ಸಿಗೆ ಕಳಿಸುವುದೆಂದರೆ! ಯಜಮಾನರು ಗೊಣಗುತ್ತ ಕೂತರು. ಬಸ್ಸು ಅವತ್ತು ಸ್ಟ್ಯಾಂಡಿಗೆ ಹೋಗುವ ಮೊದಲು ನರಸೀಪುರದ ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು.

ಮಳೆಗಾಲ ಕಳೆದ ಮೇಲೆ ನಾಲೆಯ ಪಕ್ಕದ ಒಂದೆರಡು ಹಳ್ಳಿಗಳಲ್ಲಿ ಚಳಿಜ್ವರ ಶುರುವಾಯಿತು. ಹಿಂದೆ ಆ ಊರುಗಳಲ್ಲಿ ಅದು ಇರಲಿಲ್ಲವೆಂದು ಜನ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ, "ಬಸ್ಸಲ್ಲಿ ಹತ್ತಿಸ್ಕೊಂಡು ಬಂದವರು ನೀವೇ ಅಲ್ವಾ" ಎಂದು ಇವರ ಮುಖಕ್ಕೇ ಅಂದರು. ಅಂದಿನಿಂದ ಕಂಡಕ್ಟರಿಗೆ ಒಂದು ಹೊಸ ತಳಮಳ ಹತ್ತಿಕೊಂಡಿತು. ಬೆರಳು ಚುಚ್ಚಿ ರಕ್ತ ತೆಗೆದುಕೊಳ್ಳಲು ಹಳ್ಳಿಗಳಿಗೆ ಹೋಗುತ್ತಿದ್ದ ಆರೋಗ್ಯ ಇಲಾಖೆಯವರೊಬ್ಬರು ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದರು. ಅವರನ್ನು ಹಿಡಿದುಕೊಂಡು ದಾರಿಯುದ್ದಕ್ಕೂ ಪ್ರಶ್ನೆ. ಪಕ್ಕ ಕೂತರೆ ಬರುತ್ತದೋ? ಕೆಮ್ಮಿದರೆ? ಅವನು ಕೂತ ಸೀಟಿನಲ್ಲಿ ಕೂತರೆ? ಯಾವುದಕ್ಕೂ ಇಲ್ಲ, ಕಚ್ಚಿದ ಸೊಳ್ಳೆಯಿಂದ ಮಾತ್ರ ಎಂದು ಅವರು ಸಮಾಧಾನವಾಗಿ ಹೇಳಿದರು. ಇವರು ಅದನ್ನು ತಮ್ಮ ಭಾಷೆಗೆ ಹೀಗೆ ಇಳಿಸಿಕೊಂಡರು:

"ಜ್ವರ ಅನ್ನೋದು ಪ್ಯಾಸೆಂಜರ್ರು ಕಣ್ರೀ ಸಾವ್ಕಾರ್ರೆ. ಮನುಷ್ಯನ ಮೈಯೊಳಗೆ ಕೂತ್ಕೊಂಡು ಸ್ಟ್ಯಾಂಡ್‌ಗಂಟ ಬತ್ತದೆ. ಅಲ್ಲಿಂದ ಮುಂದಕ್ಕೆ ಓಗಕ್ಕೆ ಕನೆಕ್ಷನ್ ಬಸ್ಸು ಬೇಕು. ಸೊಳ್ಳೆ ಕನೆಕ್ಷನ್ ಬಸ್ಸು. ಅದು ಸಿಗದಿದ್ರೆ ಸ್ಟ್ಯಾಂಡಲ್ಲೇ ಕುಂತು ಕುಂತು ಸಾಯ್ತದೆ."

ವ್ಯಾಪಾರಿಯಾದ ನನಗೆ ಅದು ಬೇರೆ ರೀತಿ ಅರ್ಥವಾಯಿತು. ಸರಕು ಎಲ್ಲಿಂದ ಬೇಕಾದರೂ ಬರಬಹುದು. ಈ ಊರಿನಲ್ಲಿ ಕೊಳ್ಳುವವನಿಲ್ಲದಿದ್ದರೆ ಅಂಗಡಿ ನಡೆಯುವುದಿಲ್ಲ. ಬಂದವನನ್ನು ಬೈದು ಪ್ರಯೋಜನವಿಲ್ಲ, ನಿಮ್ಮ ಮನೆಯ ಹಿಂದಿನ ನಿಂತ ನೀರನ್ನು ನೋಡಿ.

ಅವರಿಗೆ ಒಬ್ಬಳೇ ಮಗಳು. ಗಂಡು ಹುಡುಕುವಾಗ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಜಮೀನಿನದಲ್ಲ, ಕೆಲಸದ್ದಲ್ಲ. "ಊರು ರೂಟಲ್ಲಿ ಅದಾ?" ರೂಟಿನಲ್ಲಿಲ್ಲದ ಊರಿನ ಒಳ್ಳೊಳ್ಳೇ ಸಂಬಂಧಗಳನ್ನು ಕೈಬಿಟ್ಟರು. ಕೊನೆಗೆ ನರಸೀಪುರ ದಾಟಿ, ಮೂಗೂರಿಗೆ ಮೊದಲು ಸಿಗುವ ಒಂದು ಹಳ್ಳಿಗೆ ಕೊಟ್ಟರು. ಭತ್ತ, ಕಬ್ಬು ಬೆಳೆಯುವ ಮನೆ. ಬಸ್ಸು ನಿಲ್ಲುವ ಹುಣಸೇಮರದಿಂದ ಕೂಗಿದರೆ ಆ ಮನೆಗೆ ಕೇಳುತ್ತಿತ್ತು. ಮದುವೆಯಾದ ಮೇಲೆ ಪ್ರತಿದಿನ ಅಲ್ಲಿ ಬಸ್ಸು ನಿಂತೊಡನೆ ಇವರು ಹಾರಿ ಇಳಿಯುವರು, ಮಗಳು ಮಜ್ಜಿಗೆ ಚೊಂಬು ಹಿಡಿದು ನಿಂತಿರುವಳು, ಇವರು ಗಟಗಟ ಕುಡಿದು ಮೀಸೆ ಒರೆಸಿಕೊಂಡು, "ಬತ್ತೀನವ್ವ," ಎಂದು ಚಲಿಸುವ ಬಸ್ಸಿಗೆ ಹಾರುವರು. ಡ್ರೈವರು ಆ ಸ್ಟಾಪಿಗೆ 'ಮಜ್ಜಿಗೆ ಸ್ಟಾಪು' ಎಂದೇ ಹೆಸರಿಟ್ಟಿದ್ದ. ಲೋಕದಲ್ಲಿ ಅವರು ತಡವನ್ನು ಸಹಿಸುತ್ತಿದ್ದುದು ಅದೊಂದು ಚೊಂಬಿನಷ್ಟು.

ಎರಡು ಸಾವಿರದ ಆರರಲ್ಲಿ ಚಿಕುನ್‌ಗುನ್ಯ ಬಂತು. ಮೊದಲು ಅದು ಪೇಪರಿನಲ್ಲಿ ಬೇರೆ ಜಿಲ್ಲೆಗಳ ಸುದ್ದಿಯಾಗಿತ್ತು. ಆಮೇಲೆ ಮೈಸೂರಿಗೆ ಬಂದಿದೆಯಂತೆ ಎಂದರು. ಅದಾದ ಮೇಲೆ ನಮ್ಮ ಬೀದಿಯ ಕೊನೆಯ ಮನೆಗೆ, ಅಲ್ಲಿಂದ ನನ್ನ ಮನೆಗೆ. ಮೊದಲ ದಿನ ಜ್ವರ. ಜ್ವರ ಬಿಟ್ಟ ಮೇಲೆ ಕೀಲುಕೀಲಿಗೂ ಬೀಗ ಜಡಿದಂತೆ. ನಾನು ಲೋಟ ಎತ್ತಲಾರದೆ ಎರಡು ಅಂಗೈ ನಡುವೆ ಹಿಡಿದು ನೀರು ಕುಡಿದೆ. ಬೀದಿಯಲ್ಲಿ ಪಡ್ಡೆ ಹುಡುಗರೂ ಗೋಡೆ ಹಿಡಿದು ನಡೆಯುತ್ತಿದ್ದರು.

ಹಳೆಯ ಆರೋಗ್ಯ ಇಲಾಖೆಯವರು ಆಗಲೂ ಅದೇ ಬಸ್ಸಿನಲ್ಲಿದ್ದರು, ತಲೆ ಬೆಳ್ಳಗಾಗಿತ್ತು ಅಷ್ಟೆ. ಈ ಕಾಯಿಲೆಯ ಮೂಲ ಎಲ್ಲಿ ಎಂದು ಕಂಡಕ್ಟರು ಕೇಳಿದರು. ಬಹಳ ಹಿಂದೆ ಆಫ್ರಿಕಾ ಕಡೆಯದು ಎಂದು ಉತ್ತರ ಬಂತು.

"ಆಫ್ರಿಕಾದಿಂದ ನಂಜನಗೂಡಿಗೆ ಯಾವ್ ಬಸ್ಸು ಸಾ?"

ಬಸ್ಸೆಲ್ಲ ನಕ್ಕಿತು. ಅವರು ಮಾತ್ರ ನಗದೆ, ಬೆರಳು ಮಡಿಸುತ್ತ ತಮಗೇ ಹೇಳಿಕೊಂಡರು: ಹಡಗು, ವಿಮಾನ, ರೈಲು, ಲಾರಿ, ಬಸ್ಸು. ಕೊನೆಗೆ ತಾವು ನಿಂತಿದ್ದ ಫುಟ್‌ಬೋರ್ಡನ್ನು ನೋಡಿದರು. "ಕೊನೇ ಸ್ಟೇಜು ನಮ್ದೇಯ," ಎಂದರು.

ಈ ಸೊಳ್ಳೆ ಹಗಲು ಕಚ್ಚುವುದು, ಮನೆಯೊಳಗಿನ ಶುದ್ಧ ನೀರಿನಲ್ಲೇ ಬೆಳೆಯುವುದು ಎಂದು ತಿಳಿದದ್ದೇ ನನ್ನ ಡ್ರಮ್ಮುಗಳ ಮೇಲೆ ಬಿದ್ದರು. ಬೋರಲು ಹಾಕದ ಡ್ರಮ್ಮು ಟಾಪಿಗೆ ಏರಕೂಡದು. ನೀರು ಚೆಲ್ಲಿದರೆ ಮುಗಿಯಿತೆಂದು ಅವರ ಲೆಕ್ಕ. ಅದು ತಪ್ಪು ಲೆಕ್ಕ. ಸೊಳ್ಳೆಯ ಮೊಟ್ಟೆ ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ, ನೀರು ಬಿದ್ದೊಡನೆ ಏಳುತ್ತದೆ ಎಂದು ಆರೋಗ್ಯದವರು ತಿದ್ದಿದಾಗ ಅವರು ನನ್ನ ಕಡೆ ತಿರುಗಿ, "ಕೇಳ್ತಾ ಸಾವ್ಕಾರ್ರೆ? ಟಿಕೆಟ್ ಇಲ್ದೆ ಗೋಡೆಗೆ ಅಂಟ್ಕಂಡು ಬತ್ತವಂತೆ! ಉಜ್ಜಿ!" ಎಂದು ಗದರಿದರು. ನೀವೂ ಉಜ್ಜಿ. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಒಳಗೋಡೆ ತಿಕ್ಕಿ ತೊಳೆದು, ಬಾಯಿಗೆ ಮುಚ್ಚಳ ಹಾಕಿ. ಮುಚ್ಚಳವಿಲ್ಲದ ಡ್ರಮ್ಮನ್ನು ಕಮ್ಮಿ ಬೆಲೆಗೆ ಕೊಡುತ್ತೇನೆಂದರೆ ಅಂಥ ವ್ಯಾಪಾರಿಯನ್ನು ಬಾಗಿಲಿಂದಲೇ ಕಳಿಸಿ.

ಅಷ್ಟರಲ್ಲಿ ಕಂಡಕ್ಟರ ಹೆಂಡತಿಯೂ ಜ್ವರ ಬಂದು ಮಲಗಿದರು. ಅದೇ ಹೊತ್ತಿಗೆ ಮಗಳಿಗೆ ತಿಂಗಳು ತುಂಬುತ್ತಾ ಬಂದಿತ್ತು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆನ್ನುವುದು ನಮ್ಮ ಕಡೆ ಕೇಳಬೇಕಾದ ಮಾತೇ ಅಲ್ಲ. ಬೀಗರು ಒಳ್ಳೇ ದಿನ ನೋಡಿ, ಬಂದು ಕರೆದುಕೊಂಡು ಹೋಗಿ ಎಂದು ಹೇಳಿ ಕಳಿಸಿದರು. ಆ ಹಳ್ಳಿಗೆ ಇನ್ನೂ ಜ್ವರ ಮುಟ್ಟಿರಲಿಲ್ಲ. ನಮ್ಮ ಬೀದಿಯಲ್ಲಿ ಜ್ವರವಿಲ್ಲದ ಮನೆಯೇ ಇರಲಿಲ್ಲ. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಈ ಜ್ವರವಿದ್ದರೆ ಮಗುವಿಗೂ ತಗುಲಬಹುದು, ಹಸುಗೂಸಿಗೆ ತಡೆದುಕೊಳ್ಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕಂಬಳಿ ಹೊದ್ದ ಪರದೇಶಿಯನ್ನೂ ಬಿಡದೆ ಹತ್ತಿಸಿಕೊಂಡಿದ್ದ ಮನುಷ್ಯ ಸ್ವಂತ ಮಗಳ ವಿಷಯದಲ್ಲಿ, "ನನ್ ಬಸ್ಸಿಗೆ ಅವಳ್ನ ಅತ್ತಿಸಲ್ಲ," ಎಂದುಬಿಟ್ಟರು.

ಬೀದಿ ಸುಮ್ಮನಿರುತ್ತದೆಯೇ? ಬಾಣಂತನದ ಖರ್ಚು ಉಳಿಸುತ್ತಿದ್ದಾನೆ ಎಂದರು. ನಲ್ಲಿಯ ಬಳಿ ಒಬ್ಬಾಕೆ, "ಜ್ವರ ಒಂದು ನೆಪ ಕಣವ್ವ. ಲಗೇಜಿಗೇ ಪೈಸೆ ಬಿಡ್ದೋರು ತುಪ್ಪಕ್ಕೆ ಬಿಡ್ತಾರಾ?" ಎಂದಿದ್ದು ನನ್ನ ಕಿವಿಗೇ ಬಿತ್ತು. ಬೀಗರ ಮನೆಯಿಂದ ಬಂದ ಮಾತು ಇನ್ನೂ ಖಾರ: ಹೆತ್ತವರಿಗೆ ಬೇಡವಾದ ಹುಡುಗಿ ನಮಗೂ ಭಾರವೇ.

ಆ ಮಾತು ಕೇಳಿದ ದಿನ ಕಂಡಕ್ಟರು ನನ್ನ ಗೋದಾಮಿಗೆ ಬಂದರು. ಕೂರಲಿಲ್ಲ. ಡ್ರಮ್ಮುಗಳ ಮಧ್ಯೆ ಅತ್ತಿಂದಿತ್ತ ಓಡಾಡುತ್ತ, ಒಂದೊಂದರ ನೆತ್ತಿಯನ್ನೂ ತಟ್ಟುತ್ತ ಹೇಳಿದರು: "ನಿಮಗೆ ಜ್ವರ ಬಂದು ಓಯ್ತು. ಇನ್ನು ನಿಮ್ಮಿಂದ ಯಾರಿಗೂ ಅಂಟಲ್ಲ. ನೀವು ಪಾಸು. ನೀವೋಗಿ ಬೀಗರ ಹತ್ರ ಮಾತಾಡಿ. ಚೌಕಾಸಿ ನಿಮಗೆ ಗೊತ್ತು."

"ನೀವೇ ಹೋಗಿ ಕಾರಣ ಹೇಳಬಾರದಾ ಅಣ್ಣ?"

"ನಂಗಿನ್ನೂ ಬಂದಿಲ್ಲ. ಮನೇಲಿ ಅವಳು ಮಲಗವ್ಳೆ, ಸೊಳ್ಳೆ ನನ್ನೂ ಕಚ್ಚಿರ್ತದೆ. ಇವತ್ತೋ ನಾಳೆಯೋ ಮೈ ಬಿಸಿಯಾಗ್ತದೆ. ಬಿಸಿಯಾಗೋ ಹೊತ್ತಿಗೆ ಅವರ ಜಗಲಿ ಮೇಲೆ ಕೂತಿದ್ರೆ? ಅಲ್ಲಿ ಸೊಳ್ಳೆ ಇಲ್ವಾ? ನಾನೇ ಓಗಿ ಮಗಳ ಮನೆಗೆ ಕನೆಕ್ಷನ್ ಕೊಟ್ಟಂಗಾಯ್ತದೆ."

ಆಗಲೇ ನನ್ನ ಗಮನಕ್ಕೆ ಬಂದದ್ದು. ಹೆಂಡತಿ ಮಲಗಿದ ದಿನದಿಂದ ಅವರು ಆ ಹುಣಸೇಮರದ ಬಳಿ ಬಸ್ಸಿನಿಂದ ಕೆಳಗೆ ಕಾಲಿಟ್ಟಿರಲಿಲ್ಲ.

ಹೋದೆ. ಗಂಡಸರಿಗಿಂತ ಬೀಗಿತ್ತಿ ಗಟ್ಟಿ ಎಂದು ಕೇಳಿದ್ದೆ; ಸುಳ್ಳಲ್ಲ. ಸೆರಗು ಬಿಗಿದು ಜಗಲಿಯ ಮೇಲೆ ಕೂತವರು ನನಗೆ ನೀರನ್ನೂ ಕೇಳಲಿಲ್ಲ. ಮಾನದ ಚೌಕಾಸಿಯಲ್ಲಿ ಮೊದಲೇ ಕಾರಣ ಹೇಳಬಾರದು, ಎದುರಿನವರಿಗೆ ಏನು ನಷ್ಟ ಎಂದು ಕೇಳಿಸಿಕೊಳ್ಳಬೇಕು. ಇದು ನನ್ನ ಅನುಭವದ ಮಾತು, ಎಲ್ಲಿ ಬೇಕಾದರೂ ಬಳಸಿ.

"ನಿಮಗೆ ಬೇಜಾರು ಯಾವುದಕ್ಕವ್ವ?"

"ಯಾವುದಕ್ಕಾ? ಊರೋರು ನಾಳೆ ಏನಂತಾರೆ? ತೌರ್ಮನೆ ಕದ ಮುಚ್ತು ಅಂತಾರೆ. ನಮ್ಮನೆ ಹುಡ್ಗಿಗೆ ಗತಿ ಇಲ್ಲ ಅಂತಾರೆ. ನಾನು ತಲೆ ಎತ್ಕೊಂಡು ಹಾಲಿನ ಡೈರಿಗೆ ಹೋಗ್ಬೇಕೋ ಬ್ಯಾಡ್ವೋ?"

"ಹುಡುಗಿ ತೌರಿಗೆ ಹೋಗೋ ಬದ್ಲು ತೌರುಮನೆನೇ ಇಲ್ಲಿಗೆ ಬಂದ್ರೆ?"

"ಅದೆಂಗೆ?"

"ಅವರಮ್ಮನಿಗೆ ಜ್ವರ ಬಿಟ್ಟು ಸುಧಾರಿಸ್ಕೊಂಡ ಮೇಲೆ ಅವರೇ ಬರ್ತಾರೆ. ತೊಟ್ಟಿಲು, ತುಪ್ಪ, ಬೆಳ್ಳುಳ್ಳಿ, ನೀರು ಕಾಯಿಸೋ ಹಂಡೆ ಸಮೇತ. ಊರೆಲ್ಲ ನೋಡೋ ಹಂಗೆ ಬಸ್ ಟಾಪ್ ಮೇಲಿಂದ ಇಳೀತವೆ. ಹೆರಿಗೆ ನರಸೀಪುರದ ಆಸ್ಪತ್ರೆಯಲ್ಲಿ, ಬಾಣಂತನ ನಿಮ್ಮ ಕಣ್ಣೆದುರಿಗೆ."

ಬೀಗಿತ್ತಿ ನನ್ನನ್ನು ದಿಟ್ಟಿಸಿದರು. "ಹೆಣ್ಣು ಕೊಟ್ಟ ಮನೇಲಿ ಬಂದು ತಿಂಗಳಾನುಗಟ್ಲೆ ಉಣ್ಣಕ್ಕೆ ಆ ಕಂಡಕ್ಟ್ರು ಒಪ್ತಾನಾ? ಮೂಗಿನ ತುದೀಲೇ ಮಾನ ಇಟ್ಕೊಂಡವ್ನೆ."

ಅದು ನಿಜವಾದ ಪ್ರಶ್ನೆ. ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ಬೀಡುಬಿಡುವುದೆಂದರೆ ನಮ್ಮಲ್ಲಿ ತಲೆ ತಗ್ಗಿಸುವ ಸಂಗತಿ. ಒಪ್ಪುತ್ತಾರೆ ಎಂದು ನಾನೇ ಜವಾಬು ಕೊಟ್ಟೆ. ಮಾತು ಮುಗಿಸಿ ಅವರ ಹಿತ್ತಲಿಗೆ ಹೋಗಿ, ಬಾನಿ, ತೊಟ್ಟಿ, ಒಡೆದ ಮಡಕೆ, ದನ ನೀರು ಕುಡಿಯುವ ಕಲ್ಲುಗುಂಡಿ ಎಲ್ಲವನ್ನೂ ತೋರಿಸಿ ಏನೇನು ಮಾಡಬೇಕೆಂದು ಹೇಳಿದೆ. ಮುಚ್ಚಳಗಳು ನನ್ನ ಕಡೆಯಿಂದ ಎಂದೆ. "ಬಿಟ್ಟಿನಾ?" ಎಂದು ಬೀಗಿತ್ತಿ ಮೊದಲ ಬಾರಿ ನಕ್ಕರು. ವ್ಯಾಪಾರ ಕುದುರಿತು.

ಬಂದು ಕಂಡಕ್ಟರಿಗೆ ಹೇಳಿದೆ. ಚರ್ಮದ ಚೀಲದ ಪಟ್ಟಿಯನ್ನು ತಿರುಚುತ್ತ ನಿಂತಿದ್ದರು. ಆಮೇಲೆ, "ಮಾನ ಆಮೇಲೆ ತಗೊಂಡ್ರಾಯ್ತು," ಎಂದರು.

ತವರುಮನೆ ಬಸ್ಸಿನ ಟಾಪಿನ ಮೇಲೆ ಹೊರಟ ದಿನ ನಾನೂ ಜೊತೆಗಿದ್ದೆ. ತೊಟ್ಟಿಲಿಗೆ ಹಗ್ಗ ಬಿಗಿಯುವಾಗ ಕಂಡಕ್ಟರು ಡ್ರೈವರಿಗೆ, "ನಿಧಾನ ಓಡ್ಸಪ್ಪ," ಎಂದದ್ದು ಕೇಳಿ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, "ಯಾರ್ ಮಾತಾಡಿದ್ದು?" ಎಂದು ಕೇಳಿದ. ಹುಣಸೇಮರದ ಬಳಿ ಊರೇ ನೆರೆದಿತ್ತು. ಅವರ ಹೆಂಡತಿ ಊದಿದ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದರು. ಹಂಡೆ ಇಳಿಯಿತು, ತೊಟ್ಟಿಲು ಇಳಿಯಿತು. ಮಗಳು ತುಂಬಿದ ಹೊಟ್ಟೆಯೊಂದಿಗೆ ಮಜ್ಜಿಗೆ ಚೊಂಬು ಹಿಡಿದು ಬಂದಳು.

"ಅಪ್ಪ, ಇಳೀ."

"ಟೈಮಿಲ್ಲ ಕಣವ್ವ."

"ಒಂದ್ ಗಳಿಗೆ."

"ಹಿಂದ್ಗಡೆ ಬಸ್ಸದೆ ಮಗ."

ಹಿಂದೆ ಯಾವ ಬಸ್ಸೂ ಇರಲಿಲ್ಲ. ನೇರವಾದ ರಸ್ತೆ, ಎಲ್ಲರಿಗೂ ಕಾಣುತ್ತಿತ್ತು. ಅವಳು ಚೊಂಬನ್ನು ಚಾಚಿದಳು, ಇವರು ಫುಟ್‌ಬೋರ್ಡಿನಿಂದಲೇ ಬಗ್ಗಿ ತೆಗೆದುಕೊಂಡು ಕುಡಿದರು. ಒಂದು ಕಾಲು ಅರ್ಧ ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ಸೀಟಿ ಊದಿದರು.

ಬಸ್ಸು ಹೊರಟ ಮೇಲೆ ನಾನು ಕೇಳಿದೆ: "ನಂಜನಗೂಡಿಂದ ಬಂದ ಜನ ದಿನಾ ಅಲ್ಲಿ ಇಳೀತಾರೆ ಅಣ್ಣ. ಅವರಲ್ಲಿ ಯಾರ ಮೈಯಲ್ಲಿ ಏನಿದೆಯೋ. ನೀವೊಬ್ಬರು ಇಳೀದಿದ್ರೆ ಏನು ಬಂತು?"

"ಒಂದ್ ಸೀಟಾದ್ರೂ ಕಮ್ಮಿ ಆಯ್ತಲ್ಲ," ಎಂದರು. ಆಮೇಲೆ ಮೂಗೂರಿನವರೆಗೂ ಬಸ್ಸಿನ ಸೀಟುಗಳನ್ನೇ ಮತ್ತೆ ಮತ್ತೆ ಎಣಿಸಿದರು.

ಅವರ ಲೆಕ್ಕ ಸರಿಯೋ ತಪ್ಪೋ ನಾನು ಹೇಳಲಾರೆ. ಫುಟ್‌ಬೋರ್ಡಿನ ಮೇಲೆ ನಿಂತವನನ್ನು ಸೊಳ್ಳೆ ಕಚ್ಚುವುದಿಲ್ಲವೆಂದು ಎಲ್ಲೂ ಬರೆದಿಲ್ಲ. ಆದರೆ ಅಂದುಕೊಂಡಂತೆ ಅವರಿಗೂ ಜ್ವರ ಬಂತು. ನೋಡಲು ಹೋದರೆ ನಡುಮಧ್ಯಾಹ್ನ ಮಂಚದ ಮೇಲೆ ಸೊಳ್ಳೆ ಪರದೆ ಕಟ್ಟಿಕೊಂಡು ಒಳಗೆ ಕೂತಿದ್ದಾರೆ, ಮದುಮಗನ ಹಾಗೆ.

"ಪರದೆ ಎತ್ತಬ್ಯಾಡಿ! ಅಲ್ಲೇ ನಿಂತ್ಕೊಳಿ!"

"ನನಗೆ ಬಂದು ಹೋಗಿದೆ ಅಣ್ಣ. ನಾನು ಪಾಸು ಅಂತ ನೀವೇ ಹೇಳಿದ್ರಿ."

"ನಿಮಗಲ್ಲ ಕಣ್ರೀ, ಸೊಳ್ಳೆಗೆ. ಈಗ ನನ್ನ ಕಚ್ಚಿದ್ರೆ ಅದು ತುಂಬ್ಕೊಂಡು ಒಂಟೋಯ್ತದೆ. ಇಷ್ಟ್ ವರ್ಷದಲ್ಲಿ ಒಬ್ಬ ಪ್ಯಾಸೆಂಜರ್ನೂ ಬಿಟ್ಟು ಓಗಿರೋನಲ್ಲ ನಾನು. ಈ ನನ್ಮಗನ್ನ ಮಾತ್ರ ಅತ್ತಿಸಲ್ಲ."

ಹಾಗೆ ಕೂತಿದ್ದರೂ ಕೂತಂತಿರಲಿಲ್ಲ. ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿತ್ತು, ಕಣ್ಣು ಬಾಗಿಲ ಮೇಲಿತ್ತು. ಹೆರಿಗೆಯಾದೊಡನೆ ಡ್ರೈವರು ಬೀದಿಯ ತುದಿಯಲ್ಲಿ ಉದ್ದಕ್ಕೆ ಹಾರನ್ ಹೊಡೆಯಬೇಕೆಂದು ಒಪ್ಪಂದವಾಗಿತ್ತು. ನಾನು ಹೊರಡಬೇಕೆಂದಿದ್ದಾಗ ಬಸ್ಸಿನ ಸದ್ದು ಕೇಳಿತು. ಹಾರನ್ ಬಂತು, ನಿಲ್ಲದೆ, ನಾಯಿಗಳೆಲ್ಲ ಬೊಗಳುವಷ್ಟು ಉದ್ದ. ಅವರ ಹೆಂಡತಿಯ ಅಣ್ಣ ಓಡಿ ಬಂದು, "ಹೆಣ್ಮಗು! ಇಬ್ಬರೂ ಚೆಂದಾಗವ್ರೆ! ಯಾರ್ಗೂ ಜ್ವರ ಗಿರ ಇಲ್ಲ!" ಎಂದ. ಕಂಡಕ್ಟರು ಏಳಲು ನೋಡಿದರು, ಮಂಡಿ ಏಳಗೊಡಲಿಲ್ಲ. ದಿಂಬಿನ ಕೆಳಗಿಂದ ಸೀಟಿ ತೆಗೆದು, ಪರದೆಯೊಳಗಿಂದಲೇ ಊದಿದರು.

ಗುಣವಾಗಿ ಬಸ್ಸಿಗೆ ಮರಳಿದಾಗ ಅವರು ಮೊದಲಿನ ಹಾಗಿರಲಿಲ್ಲ. ಬೆರಳು ಮಡಚುತ್ತಿರಲಿಲ್ಲ. ಟಿಕೆಟ್ಟು ಹರಿಯುವುದನ್ನು ಪ್ಯಾಸೆಂಜರುಗಳೇ ಮಾಡಿಕೊಳ್ಳುತ್ತಿದ್ದರು. ಮೊದಲ ದಿನ ಹುಣಸೇಮರದ ಬಳಿ ಬಸ್ಸು ನಿಂತಾಗ ಅವರು ಕಂಬಿ ಹಿಡಿದು, ಮೈಯನ್ನು ಅಡ್ಡ ತಿರುಗಿಸಿ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಳಿಸಿದರು. ಹಾರಿ ಇಳಿಯುತ್ತಿದ್ದ ಜೀವ! ಮಗಳು ಕೂಸನ್ನು ತಂದು ತೋರಿಸಿದಳು. ಎತ್ತಿಕೊಳ್ಳಲು ಕೈ ಬಾರದೆ, ಬಗ್ಗಿ ಅದರ ನೆತ್ತಿಯ ವಾಸನೆ ನೋಡಿದರು. ಅಷ್ಟರಲ್ಲಿ ಹಿಂದಿನಿಂದ ಎದುರಾಳಿ ಬಸ್ಸು ಬಂದು, ಹಾರನ್ ಹೊಡೆದು, ನಮ್ಮನ್ನು ದಾಟಿಕೊಂಡು ಮೂಗೂರಿನ ಕಡೆ ಓಡಿತು. ನಮ್ಮ ಡ್ರೈವರು ಸ್ಟೇರಿಂಗು ಗುದ್ದಿದ. ಕಂಡಕ್ಟರು ತಲೆ ಎತ್ತಿ ಆ ಧೂಳನ್ನು ನೋಡಿದರು, ಮತ್ತೆ ಕೂಸಿನ ಕಡೆ ಬಗ್ಗಿದರು.

ಕೂಸಿಗೆ ಹೆಸರಿಟ್ಟು, ಅದು ಮಗ್ಗುಲಾಗುವ ಹೊತ್ತಿಗೆ ಆ ಹಳ್ಳಿಗೂ ಜ್ವರ ಬಂತು. ಯಾರು ತಂದರೋ ದೇವರಿಗೇ ಗೊತ್ತು. ಮೈಸೂರಿಗೆ ಗಾರೆ ಕೆಲಸಕ್ಕೆ ಹೋಗಿಬರುವವರಿದ್ದರು, ಮದುವೆಗೆ ಹೋದವರಿದ್ದರು, ದಿನಕ್ಕೆ ಹತ್ತಾರು ಜನ ಬಸ್ಸಿನಿಂದ ಇಳಿಯುತ್ತಿದ್ದರು. ಆದರೆ ಊರಿನ ಕಣ್ಣಿಗೆ ಕಂಡದ್ದು, ತಿಂಗಳುಗಟ್ಟಲೆ ಇಳಿಯದೆ ಇದ್ದು ಆಮೇಲೆ ಇಳಿದ ಕಂಡಕ್ಟರು. "ಅವನು ಇಳಿದ, ಅವನ ಜೊತೆ ಜ್ವರಾನೂ ಬಸ್ಸಿಂದ ಇಳೀತು," ಎಂದು ಜಗಲಿ ಜಗಲಿಯ ಮೇಲೂ ಮಾತು. ಮಗಳೂ ಮಲಗಿದಳು. ಬೀಗಿತ್ತಿ ಮಲಗಿದರು. ಕೂಸಿಗೆ ಹಗಲೂ ಪರದೆ ಕಟ್ಟಿದ್ದರು; ಅದಕ್ಕೇನೂ ಆಗಲಿಲ್ಲ.

ನನಗೆ ತಡೆಯಲಿಲ್ಲ. ನರಸೀಪುರದ ಸ್ಟ್ಯಾಂಡಿನಲ್ಲಿ ಅವರನ್ನು ಹಿಡಿದುಕೊಂಡೆ. "ಇದು ಅನ್ಯಾಯ ಅಣ್ಣ. ಜ್ವರ ಬಂದು ಹೋದವರಿಂದ ಅಂಟಲ್ಲ. ಆರೋಗ್ಯದವರನ್ನ ಕರೆಸಿ ಊರ ಮುಂದೆ ಹೇಳಿಸೋಣ. ನಾನು ಬರ್ತೀನಿ, ನಾನೇ ಮಾತಾಡ್ತೀನಿ."

ಅವರು ಮಡಚದ ಬೆರಳುಗಳಿಂದ ಸೀಟಿಯನ್ನು ಅಂಗಿಯ ತುದಿಗೆ ಒರೆಸುತ್ತಿದ್ದರು.

"ಬ್ಯಾಡ ಬಿಡಿ ಸಾವ್ಕಾರ್ರೆ. ಜ್ವರ ತಂದೋನು ನಾನೇ ಅಂದ್ಕೊಳ್ಳಲಿ."

"ಯಾಕಣ್ಣ?"

"ಬರೋದು ಬಂದೇ ಬತ್ತದೆ, ನಮ್ ಕೈಲಿ ನಿಲ್ಸಕ್ಕಾಯ್ತದಾ? ನೋಡಿ, ಹೆರಿಗೆ ಮುಂಚೆ ಬರ್ಲಿಲ್ಲ. ಹೆರಿಗೆ ಹೊತ್ತಲ್ಲಿ ಬರ್ಲಿಲ್ಲ. ಕೂಸು ಗಟ್ಟಿಯಾಗೋಗಂಟ ಬರ್ಲಿಲ್ಲ." ಅವರ ಮುಖದಲ್ಲಿ ಎದುರಾಳಿ ಬಸ್ಸನ್ನು ಹಿಂದೆ ಹಾಕಿದಾಗ ಬರುತ್ತಿದ್ದ ನಗು ಬಂತು. "ಜ್ವರಾನ ನಾನು ಲೇಟ್ ಮಾಡಿದ್ನಾ ಇಲ್ವಾ?"

ಡ್ರೈವರು ಹಾರನ್ ಹೊಡೆದ. ಅವರು ಕಂಬಿ ಹಿಡಿದು, ಒಂದೊಂದೇ ಕಾಲೆತ್ತಿ ಹತ್ತಿ, ಫುಟ್‌ಬೋರ್ಡಿನ ಮೇಲೆ ನಿಂತರು.